ಹಿರಿಯರ ಸಾಲಿನಲ್ಲಿ ಇಲಿ

ಬೈಲಹೊಂಗಲ ತಾಲ್ಲೂಕಿನಲ್ಲಿ ಮನುಷ್ಯರಿಗೆ ಕೊಡದ ಮರ್ಯಾದೆಯನ್ನು ಇಲಿಗಳಿಗೆ ಕೊಡುವವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ. ಜೋಳದ ಚೀಲ ಕೊರೆಯುತ್ತಿರುವ ಇಲಿಯನ್ನು ಕಂಡರೆ "ಸಾವಕಾಶ ತಿನ್ರಿ" ಎನ್ನುತ್ತಾರೆ. ನಾನು ಬೋನು ತಂದರೆ ಮೂರು ದಿನ ನನ್ನ ಜೊತೆ ಮಾತು ಬಿಡುತ್ತಾರೆ. ಆ ಮೂರು ದಿನದ ನೆಮ್ಮದಿಗಾಗಿಯೇ ನಾನು ಆಗಾಗ ಬೋನು ತರುವುದುಂಟು!

ಈ ಇಲಿಪ್ರೇಮ ಎಲ್ಲಿಂದ ಬಂತು ಅಂತೀರಾ? ಮಾವ ದೂರದ ಒಂದು ವಿಶ್ವವಿದ್ಯಾಲಯದ ವಿಕಿರಣ ಸಂಶೋಧನೆಯ ವಿಭಾಗದಲ್ಲಿ ಇದ್ದವರು. ಹೀಗೆಂದ ಕೂಡಲೇ ನೀವು ವಿಜ್ಞಾನಿ ಅಂದುಕೊಳ್ಳುತ್ತೀರಿ. ಅವರೂ ಹಾಗೆಯೇ ಅಂದುಕೊಂಡಿದ್ದಾರೆ. ಅಸಲಿಗೆ ಅವರು ಅಲ್ಲಿನ ಪ್ರಾಣಿಮನೆಯ ಅಟೆಂಡರ್. ಬಿಳಿ ಇಲಿಗಳಿಗೆ ಕಾಳು ನೀರು ಹಾಕುವುದು, ಪಂಜರ ತೊಳೆಯುವುದು, ಸರದಿ ಬಂದ ಇಲಿಯನ್ನು ತೂತಿನ ಡಬ್ಬಿಯಲ್ಲಿ ಕೂರಿಸಿ ಸೀಸದ ಬಾಗಿಲಿನ ಕೋಣೆಗೆ ಒಯ್ದು ಕೊಡುವುದು, ಆಮೇಲೆ ಅದು ಎಷ್ಟು ದಿನ ಬದುಕಿತು ಎಂದು ನೋಡಿ ಹೇಳುವುದು. ಉಳಿದ ವಿಜ್ಞಾನವನ್ನೆಲ್ಲ ಬೇರೆಯವರು ಮಾಡುತ್ತಿದ್ದರು.

ಹೆಂಡತಿ ಮಕ್ಕಳಿಲ್ಲದ ಮಾವ ನಿವೃತ್ತರಾದ ಮೇಲೆ ಅಕ್ಕನ ಮನೆ ಎಂಬ ಹಕ್ಕಿನಿಂದ ನಮ್ಮಲ್ಲಿಗೇ ಬಂದರು. ಅಕ್ಕ ಎಂದರೆ ನಮ್ಮ ಅವ್ವ. ಅವರ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಒಂದು ಪುರಾಣ. ಪುರಾಣ ಹೀಗೆ: ಮೊದಲು ಪರದೇಶದ ಪಂಡಿತರು ಕಿರಣಕ್ಕೆ ತಮ್ಮ ಕೈಯನ್ನೇ ಒಡ್ಡಿ ಸುಟ್ಟುಕೊಂಡರು. ಬುದ್ಧಿ ಬಂದ ಮೇಲೆ ಇಲಿಯನ್ನು ಮುಂದೆ ಮಾಡಿದರು, ಮೊಲವನ್ನು ಮಾಡಿದರು, ನಾಯಿಯನ್ನೂ ಬಿಡಲಿಲ್ಲ. ಆಮೇಲೆ ನಮ್ಮ ವಿಶ್ವವಿದ್ಯಾಲಯಗಳೂ ಶುರುಮಾಡಿದವು. ಬಹಳ ವರ್ಷಗಳ ಮೇಲೆ ಸಮಿತಿಗಳು ಬಂದು, ಒಂದೊಂದು ಇಲಿಗೂ ಅರ್ಜಿ ಹಾಕಿ ಅಂದವು. ಕೊನೆಗೆ ಮಾವನ ಪ್ರಾಣಿಮನೆಗೆ ಬೀಗ ಬಿತ್ತು. ಪ್ರೊಫೆಸರರ ಮೇಲಂತೂ ಮಾವನಿಗೆ ಕೆಂಡದಂಥ ಕೋಪ. ಪಿಎಚ್‌ಡಿ ಪುಸ್ತಕದ ಮೊದಲ ಹಾಳೆಯಲ್ಲಿ ಬೀಗರಿಗೂ ಕೃತಜ್ಞತೆ ಹೇಳುತ್ತಾರಂತೆ, ಸತ್ತ ಇಲಿಗೆ ಒಂದು ಸಾಲೂ ಇಲ್ಲವಂತೆ.

ಈ ಪುರಾಣವನ್ನು ಮನೆಯಲ್ಲಿ ಹೇಳಿದ್ದರೆ ಸಹಿಸಬಹುದಿತ್ತು. ಸವದತ್ತಿಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ, ಕಿರಣ ತಗುಲಿದ ಇಲಿಯ ಹೊಟ್ಟೆ ಏನಾಗುತ್ತದೆ ಎಂದು ವಿವರವಾಗಿ ಹೇಳಿದರು. ಎಡಕ್ಕೆ ನಾಲ್ವರು, ಬಲಕ್ಕೆ ಮೂವರು ಶಿರಾ ಬಿಟ್ಟು ಎದ್ದರು. ಮಾವ ಎರಡನೇ ಸಲ ಹಾಕಿಸಿಕೊಂಡರು!

ಇನ್ನೊಮ್ಮೆ ಕಿತ್ತೂರಿನ ಹತ್ತಿರ ಹೈವೇ ಬದಿಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಎಕ್ಸ್‌ರೇ ಕೋಣೆಯ ಬಾಗಿಲಿಗೆ ಹೋಗಿ, ಒಳಗಿನವನಿಗೆ ಹತ್ತು ಪ್ರಶ್ನೆ ಕೇಳಿ, ಕುಂಟುತ್ತ ವಾಪಸ್ ಬಂದರು. ಕಟಕೋಳದ ಕಡೆಯ ಒಬ್ಬ ನಾಟಿ ವೈದ್ಯನಿಂದ ಕಟ್ಟು ಹಾಕಿಸಿಕೊಂಡರು. ಅವರ ಎಡಗಾಲು ಇವತ್ತಿಗೂ ಬೇರೆ ಊರಿಗೆ ಹೊರಟಂತೆ ಕಾಣುತ್ತದೆ.

ಅವ್ವನ ತಾಳ್ಮೆ ಕೆಟ್ಟದ್ದು ದಸರೆಗೆ ಮುಂಚೆ ಬರುವ ಮಹಾನವಮಿ ಅಮಾವಾಸ್ಯೆಯ ದಿನ. ಅಂದು ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಸಾಲಾಗಿ ಎಡೆ ಇಡುತ್ತೇವೆ. ಅಜ್ಜ, ಮುತ್ತಜ್ಜ, ದೊಡ್ಡಮ್ಮ ಎಲ್ಲರ ಎಲೆ ಮುಗಿದ ಮೇಲೆ ಮಾವ ಮೆಲ್ಲಗೆ ಒಂದು ಪುಟ್ಟ ಎಲೆ ಹಾಕಿ, ಅದರ ಮೇಲೆ ಹೋಳಿಗೆಯ ಚೂರಿಟ್ಟರು. ಇದು ಯಾರದು ಎಂದು ಅವ್ವ ಕೇಳಿದಳು. ಇಲಿಗಳದು ಅಂದರು! ಅಜ್ಜನ ಎಲೆ ತೋರಿಸಿ, ನಮ್ಮಪ್ಪನ ಪಕ್ಕ ಇಲಿಯನ್ನು ಕೂರಿಸುತ್ತೀಯಾ ಎಂದು ಅವ್ವ ಆ ಎಲೆಯನ್ನು ಅಂಗಳಕ್ಕೆ ಎಸೆದಳು. ನಾನೂ ಅವ್ವನ ಪರವಾಗಿಯೇ ಮಾತಾಡಿದೆ.

ಹೋದ ವರ್ಷ ಅವ್ವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಬೆಳಗಾವಿಯ ಡಾಕ್ಟರು, ಇನ್ನೂ ಸಣ್ಣದಿದೆ, ಕರೆಂಟ್ ಕೊಟ್ಟರೆ ಗುಣವಾಗುತ್ತದೆ ಅಂದರು. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಕರೆಂಟ್ ಎಂದೇ ಹೆಸರು. ಅವ್ವ ಸುತರಾಂ ಒಪ್ಪಲಿಲ್ಲ.

"ಕೂದಲ ಉದುರಿ, ಕಾಳ ಬಿಟ್ಟು, ಮೂಲ್ಯಾಗ ಕುಂತ ಸಾಯಾಕ ನಾ ಏನ ಇಲಿ ಏನು?"

ಒಂದೊಂದು ಶಬ್ದವೂ ಮಾವನ ಪುರಾಣದ್ದು. ನನಗೆ ಮೈ ಉರಿಯಿತು. ನಿಮ್ಮ ನಾಲಿಗೆಯೇ ನಮ್ಮ ಅವ್ವನನ್ನು ಕೊಲ್ಲುತ್ತದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ಮಾವ ಆ ದಿನ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವನ ಎದುರು ನೆಲಕ್ಕೆ ಕುಳಿತರು.

"ಅಕ್ಕಾ, ನಾ ನಿನಗ ಅರ್ಧಾನ ಹೇಳೇನಿ. ಎಷ್ಟ ಕೊಟ್ರ ಜೀವಾ ಹೋಗತೈತಿ, ಎಷ್ಟ ಕೊಟ್ರ ಉಳೀತೈತಿ ಅಂತ ಯಾರಿಗೂ ಗೊತ್ತಿರಲಿಲ್ಲ. ಅದನ್ನ ತಿಳಕೊಳ್ಳಾಕ ಅವು ಹೋದ್ವು. ಒಮ್ಮೆಲೆ ಕೊಟ್ಟವು ಸತ್ವು. ದಿನಾ ಸ್ವಲ್ಪ ಸ್ವಲ್ಪ ಕೊಟ್ಟದ್ರಾಗ ಎಷ್ಟೋ ಉಳದ್ವು, ಕಾಳ ತಿಂದ್ವು. ನಿನಗ ಕೊಡೂದು ಆ ಸ್ವಲ್ಪ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಡಬ್ಬ್ಯಾಗ ಕುಂದರಿಸಿದ ಕೈ ನಂದು. ನನಗ ಸತ್ತವ ಅಷ್ಟ ನೆನಪಾಗತಿದ್ವು."

ಅವ್ವ ಅವರ ಕೈಯನ್ನೇ ನೋಡಿದಳು. ಆಮೇಲೆ, ನೀನೂ ಬರುವುದಾದರೆ ಹೋಗೋಣ ಅಂದಳು.

ಸ್ವಂತ ಕಾಲಿಗೆ ಎಕ್ಸ್‌ರೇ ಬೇಡವೆಂದ ಮನುಷ್ಯ, ಆ ಸೊಟ್ಟ ಕಾಲಿನಲ್ಲೇ ಆರು ವಾರ ಬಸ್ಸು ಹತ್ತಿ ಇಳಿದು ಬೆಳಗಾವಿಗೆ ಬಂದರು. ದಪ್ಪ ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿದ ಕೂಡಲೇ ಬಾಗಿಲಿಗೆ ಮುಖ ಮಾಡಿ ಏನೋ ಗೊಣಗುವರು. ಮಂತ್ರವಿರಬೇಕು ಎಂದು ಒಂದು ದಿನ ಹತ್ತಿರ ಹೋಗಿ ಕೇಳಿಸಿಕೊಂಡೆ.

"ಹೆದರಬ್ಯಾಡ್ರಿ, ನಾ ಹೊರಗ ಅದೇನಿ. ಇನ್ನೊಂದೀಟ ತಡೀರಿ."

ಅವ್ವನಿಗೆ ಅವರು ಜನ್ಮದಲ್ಲಿ 'ರಿ' ಹಚ್ಚಿದವರಲ್ಲ. ಮೂವತ್ತು ವರ್ಷ ಡಬ್ಬಿಯೊಳಗಿನವರಿಗೆ ಹೇಳಿದ ಮಾತು ಅದು. ನನಗೆ ಅವತ್ತು ಅವರ ಮುಂದೆ ನಿಲ್ಲಲು ನಾಚಿಕೆಯಾಯಿತು.

ಈ ಸಲದ ಅಮಾವಾಸ್ಯೆಗೆ ಅವ್ವ ಹಾಲಿನಲ್ಲಿ ನೆನೆಸಿದ ಹೋಳಿಗೆ ನುಂಗುವಷ್ಟು ಸುಧಾರಿಸಿದ್ದಳು. ಎಡೆ ಇಡಲು ತಾನೇ ಕುಳಿತಳು. ಅಜ್ಜನ ಎಲೆಯ ಪಕ್ಕ ಒಂದು ಪುಟ್ಟ ಎಲೆ ಹಾಕಿ, ಹೋಳಿಗೆ ಮುರಿದು ಕೊಡು ಎಂದು ನನ್ನತ್ತ ಕೈ ಚಾಚಿದಳು. ನಾನು ಮುರಿದು ಕೊಟ್ಟೆ. ಅವಳು ಅದನ್ನು ತಿರುಗಿ ನನ್ನ ಕೈಯಲ್ಲಿಟ್ಟಳು.

"ಇನ್ನೂ ಸಣ್ಣಗ ಮುರಿ," ಅಂದಳು. "ಅವರ ಬಾಯಿ ಸಣ್ಣದು."