ಕುಂಕುಮ ಹಚ್ಚಿದ ಪಾಸ್‌ಪೋರ್ಟು

ಪಾಸ್‌ಪೋರ್ಟಿಗೆ ಕುಂಕುಮ ಹಚ್ಚಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ, ಪಾಪ, ಕಲ್ಮೇಶನ ಮಾನ ಉಳಿಯುತ್ತಿತ್ತು.

ಶಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸಿನ ಕಲ್ಮೇಶ, ಮದುವೆಯಾಗಿ ಹತ್ತು ವರ್ಷವಾಯಿತೆಂದು ಹೆಂಡತಿ ಅಕ್ಷರಾಳನ್ನು ಕರೆದುಕೊಂಡು ಸ್ಟಾಕ್‌ಹೋಮಿಗೆ ಹೊರಟಿದ್ದ. ಜನವರಿಯಲ್ಲಿ ಶಿಕಾಗೋದವರು ಸ್ವೀಡನ್ನಿಗೆ ಹೋಗುವುದೆಂದರೆ ನೆಗಡಿಯಾದವನಿಗೆ ಎಳನೀರು ಕುಡಿಸಿದ ಹಾಗೆ. "ಅಲ್ರೀ, ಇಲ್ಲಿ ಥಂಡಿ ಕಮ್ಮಿ ಬಿದ್ದೈತೇನು?" ಎಂದು ಅಕ್ಷರಾ ಕೇಳಿಯೂ ಕೇಳಿದ್ದಳು. ಆದರೆ ಅವರ ಕನ್ನಡ ಬಳಗದಲ್ಲಿ ಸ್ಟಾಕ್‌ಹೋಮ್ ಕಂಡವರು ಒಬ್ಬರೂ ಇರಲಿಲ್ಲ. ಕಲ್ಮೇಶನಿಗೆ ಅಷ್ಟೇ ಸಾಕಾಗಿತ್ತು. ತಿಂಗಳುಗಟ್ಟಲೆ, ಯಾರ ಮನೆಗೆ ಊಟಕ್ಕೆ ಹೋದರೂ ಅವರು ಸಾರು ಬಡಿಸುವ ಮೊದಲೇ ಇವನು ಸ್ಟಾಕ್‌ಹೋಮ್ ಬಡಿಸುತ್ತಿದ್ದ.

ಹೊರಡುವ ದಿನ ಅಕ್ಷರಾ ಪಾಸ್‌ಪೋರ್ಟುಗಳನ್ನು ದೇವರ ಮುಂದಿಟ್ಟು ಪೂಜೆ ಮಾಡಿದಳು. ಅವಧಿ ಮುಗಿದ ಹಳೆಯವಕ್ಕೂ ಬೇಜಾರಾಗಬಾರದೆಂದು ಎಲ್ಲಕ್ಕೂ ಕುಂಕುಮ ಹಚ್ಚಿದಳು. ಕಲ್ಮೇಶ ಅವಸರದಲ್ಲಿ ಬಂದವನು, ಕುಂಕುಮ ಜಾಸ್ತಿ ಇದ್ದ ಎರಡನ್ನು ಕಣ್ಣಿಗೊತ್ತಿಕೊಂಡು ಕೋಟಿನ ಜೇಬಿಗಿಳಿಸಿದ.

ಓಹೇರ್ ವಿಮಾನ ನಿಲ್ದಾಣಕ್ಕೆ ಅವರನ್ನು ಕಾರಿನಲ್ಲಿ ಬಿಟ್ಟವನು ಎದುರುಮನೆಯ ಮನೋಹರ. ಎರಡು ವರ್ಷದ ಕೆಳಗೆ ಮನೋಹರನ ವಿಮಾನ ಓಹೇರಿನಿಂದ ಹೊರಡುವಾಗ ಅವನು ಊರಿನ ಇನ್ನೊಂದು ತುದಿಯ ಮಿಡ್‌ವೇ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದ. ಅಂದಿನಿಂದ ಬಳಗದಲ್ಲಿ ಅವನು 'ಮಿಡ್‌ವೇ ಮನೋಹರ'. ಆ ಹೆಸರಿಟ್ಟ ಪುಣ್ಯಾತ್ಮ ಕಲ್ಮೇಶನೇ.

"ಈ ಸಲ ಬರೋಬ್ಬರಿ ಏರ್‌ಪೋರ್ಟಿಗೇ ತಂದೀರಿ, ಶಾಣ್ಯಾ ಆಗೀರಿ," ಎಂದು ಇಳಿಯುವಾಗಲೂ ಚುಚ್ಚಿದ. "ನಮ್ಮನಿ ಕಡೆ ಸ್ವಲ್ಪ ಕಣ್ಣಿರ್ಲಿ. ಪಕ್ಕದ ಮನಿ ಚಂದ್ರಮೌಳಿ ಅವ್ರೂ ನಿನ್ನೇನ ಹವಾಯಿಗೆ ಹೋದ್ರು. ಎರಡೂ ಮನಿ ಖಾಲಿ."

"ನೀವು ಆರಾಮಾಗಿ ಹೋಗ್ಬನ್ನಿ. ಒಂದು ಅಳಿಲು ಒಳಗೆ ಹೋದ್ರೂ ನಂಗೆ ಗೊತ್ತಾಗತ್ತೆ," ಎಂದ ಮನೋಹರ.

ಕೌಂಟರಿನ ಹುಡುಗಿ ಪಾಸ್‌ಪೋರ್ಟು ತೆರೆದಳು. ಫೋಟೋ ನೋಡಿದಳು, ಕಲ್ಮೇಶನ ಬೋಳುತಲೆ ನೋಡಿದಳು, ಮತ್ತೆ ಫೋಟೋದ ಗುಂಗುರು ಕೂದಲು ನೋಡಿದಳು. ಆಮೇಲೆ ಬಹಳ ವಿನಯದಿಂದ, ಈ ಪಾಸ್‌ಪೋರ್ಟಿನ ಅವಧಿ ಮುಗಿದು ಆರು ವರ್ಷವಾಗಿದೆ ಎಂದಳು. ಮನೆಗೆ ಹೋಗಿ ಬರುವಷ್ಟರಲ್ಲಿ ವಿಮಾನ ಸಮುದ್ರದ ಮೇಲಿರುತ್ತಿತ್ತು. ಕೈಕಾಲು ಹಿಡಿದು, ಮರುದಿನ ರಾತ್ರಿಯ ವಿಮಾನಕ್ಕೆ ಟಿಕೆಟ್ ಬದಲಾಯಿಸಿಕೊಂಡದ್ದಾಯಿತು.

"ಮನೋಹರ್ ಅವರಿಗೆ ಫೋನ್ ಮಾಡ್ರಿ, ಇನ್ನೂ ದೂರ ಹೋಗಿರಂಗಿಲ್ಲ," ಎಂದಳು ಅಕ್ಷರಾ.

"ಹುಚ್ಚಿ ಅದೀಯೇನ? ಅವಗ ಗೊತ್ತಾತು ಅಂದ್ರ ನನ್ನ ಹೆಸರಿನ ಮುಂದ ಏನ್ ಹಚ್ತಾನ, ವಿಚಾರ ಮಾಡೀಯೇನು? ಸಾಯೋತನಕ ಹೋಗಂಗಿಲ್ಲ ಅದು!"

"ಹಂಗಾರ ಈಗ ಎಲ್ಲಿಗೆ?"

"ಇವತ್ತ ರಾತ್ರಿ ಇಲ್ಲೇ ಏರ್‌ಪೋರ್ಟ್ ಬಾಜೂಕ ಡೆಸ್ ಪ್ಲೇನ್ಸಿನ ಹೋಟೆಲ್. ನಾಳೆ ಸಂಜೀಕ ಕತ್ತಲಾದ ಮ್ಯಾಲೆ ಹಿತ್ತಲ ಬಾಗಿಲದಿಂದ ಹೋಗಿ ಪಾಸ್‌ಪೋರ್ಟ್ ತಗೊಂಡು ಬರೋಣು. ಯಾರಿಗೆ ತಿಳೀತೈತಿ?"

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತೇನೋ. ಆದರೆ ಬೆಳಿಗ್ಗೆ ಹಾಸಿಗೆಯಲ್ಲಿರುವಾಗಲೇ ಬಳಗದ ವಾಟ್ಸ್ಯಾಪ್ ಗುಂಪು ಎದ್ದು ಕೂತಿತ್ತು. "ತಲುಪಿದ್ರಾ?" "ಫೋಟೋ ಹಾಕಿ!" "ಸ್ಟಾಕ್‌ಹೋಮಲ್ಲಿ ಮೊದಲ ದಿನ ಹೇಗಿದೆ?" ಫೋಟೋ ಎಲ್ಲಿಂದ ತರಬೇಕು? ಕಲ್ಮೇಶ ಸ್ವಲ್ಪ ಹೊತ್ತು ಛಾವಣಿ ನೋಡಿದ. ಆಮೇಲೆ ಅವನಿಗೆ ಶಿಕಾಗೋದ ಉತ್ತರಕ್ಕಿರುವ ಆಂಡರ್ಸನ್‌ವಿಲ್ ನೆನಪಾಯಿತು. ಹಿಂದೊಂದು ಕಾಲಕ್ಕೆ ಸ್ವೀಡನ್ನಿನವರು ಬಂದು ನೆಲೆಸಿದ ಬಡಾವಣೆ ಅದು. ಅಲ್ಲಿ ಈಗಲೂ ನೀಲಿ ಹಳದಿ ಬಾವುಟ ಸಿಗುತ್ತದೆ, ಏಲಕ್ಕಿ ಬನ್ನು ಸಿಗುತ್ತದೆ. ಇನ್ನೇನು ಬೇಕು?

ಹೀಗೆ ದಂಪತಿಗಳ ಸ್ಟಾಕ್‌ಹೋಮ್ ದರ್ಶನ ಶಿಕಾಗೋದಲ್ಲೇ ಶುರುವಾಯಿತು. ಅವತ್ತು ಸೊನ್ನೆ ಡಿಗ್ರಿ ಚಳಿ, ಅದೂ ಫ್ಯಾರನ್‌ಹೀಟಿನಲ್ಲಿ. ಊರ ಪಕ್ಕದ ದೊಡ್ಡ ಸರೋವರದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಅಕ್ಷರಾಳ ಮೂಗು ಇದೆಯೋ ಇಲ್ಲವೋ ಅವಳಿಗೇ ಗೊತ್ತಾಗದಂತಾಗಿತ್ತು. ಬಾವುಟದ ಮುಂದೆ ನಿಲ್ಲಿಸಿ, "ನಗು, ಯುರೋಪ್‌ನ್ಯಾಗ ಇದ್ದಂಗ ನಗು," ಎಂದ ಕಲ್ಮೇಶ. ಅವಳು ಹಲ್ಲು ಕಟಕಟಿಸಿದ್ದೇ ಫೋಟೋದಲ್ಲಿ ನಗೆಯಾಗಿ ಬಂತು.

ಫೋಟೋ ಹಾಕಿದ ಮರುಕ್ಷಣ ಮನೋಹರನ ಪ್ರಶ್ನೆ ಬಂತು. "ಅಲ್ಲೀಗ ಸಂಜೆ ಐದಲ್ವಾ? ಚಳಿಗಾಲದಲ್ಲಿ ಮೂರಕ್ಕೇ ಕತ್ತಲಾಗತ್ತೆ ಅಂತಿದ್ರಿ?"

ಕಲ್ಮೇಶ ಬೆಚ್ಚಿಬಿದ್ದ. ಬೆವರಲಿಕ್ಕೂ ಆಗದ ಚಳಿಯಲ್ಲಿ ಬೆವರಿದ. "ಇವತ್ತ್ಯಾಕೋ ಸೂರ್ಯ ಸ್ವಲ್ಪ ಲೇಟ್," ಎಂದು ಬರೆದ.

ಎರಡನೇ ಪ್ರಶ್ನೆ ಬಂತು. "ಹಿಂದೆ ಹಳದಿ ಸ್ಕೂಲ್ ಬಸ್ ಇದೆ. ಥೇಟ್ ನಮ್ಮದರ ಹಾಗೇ ಇದೆಯಲ್ಲ!"

"ಇಲ್ಲಿಯವರು ಅಮೆರಿಕಾ ನೋಡಿ ಕಲ್ತಾರ," ಎಂದು ಬರೆದು ಫೋನನ್ನೇ ಆರಿಸಿಬಿಟ್ಟ.

ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ಕೂತು ಮತ್ತೆ ಫೋನು ತೆರೆದಾಗ ಚಂದ್ರಮೌಳಿಯವರ ಹವಾಯಿ ಫೋಟೋಗಳು ಬಂದಿದ್ದವು. ಹಿಂದೆ ನೀಲಿ ಸಮುದ್ರ, ಮುಂದೆ ಬಂಗಾರದ ಬಣ್ಣದ ಮರಳಿನಲ್ಲಿ ಚಂದ್ರಮೌಳಿ ಮತ್ತು ಅವರ ಹೆಂಡತಿ ಇಂದುಮತಿಯ ಬರಿಗಾಲು.

"ನೋಡ್ರಿ, ಎಷ್ಟ್ ಛಂದ ಬಿಸಿಲಾಗ ಕುಂತಾರ," ಎಂದು ಅಕ್ಷರಾ ಅಳುವುದೊಂದೇ ಬಾಕಿ. "ಎಂಥಾ ಸಣ್ಣ ಮರಳು! ಹೇಳಿದ್ದನ್ನ ಮಾಡಿ ತೋರಿಸೋ ಮಂದಿ ಅವರು. ನಾವು? ಮನಿಯಿಂದ ಮೂವತ್ತು ಮೈಲಿ ದೂರ ಕುಂತು ಸುಳ್ಳು ಬನ್ನು ತಿನ್ನಾಕತ್ತೀವಿ."

"ಬನ್ನು ಖರೇನೇ ಐತಿ," ಎಂದ ಕಲ್ಮೇಶ. ಅವಳು ಬನ್ನಿನ ತಟ್ಟೆಯನ್ನು ಅವನತ್ತ ತಳ್ಳಿದಳು.

ಸಂಜೆ ಐದಾಗುತ್ತಲೇ ಕತ್ತಲಾಯಿತು. ಟ್ಯಾಕ್ಸಿಯನ್ನು ಎರಡು ಬೀದಿ ಆಚೆಯೇ ನಿಲ್ಲಿಸಿ, ಮುಖದ ತುಂಬ ಮಫ್ಲರ್ ಸುತ್ತಿಕೊಂಡು, ಮೊಣಕಾಲುದ್ದ ಹಿಮದಲ್ಲಿ ತಮ್ಮದೇ ಮನೆಯ ಹಿತ್ತಲಿಗೆ ಗಂಡಹೆಂಡತಿ ಕಳ್ಳಹೆಜ್ಜೆ ಇಟ್ಟರು. ಕಲ್ಮೇಶ ಒಮ್ಮೆ ಜಾರಿ ಬಿದ್ದು "ಯವ್ವಾ!" ಎಂದ. ಅಕ್ಷರಾ ಅವನ ಬಾಯಿ ಮುಚ್ಚಿದಳು.

ಬಾಗಿಲು ತೆಗೆದರೆ ಒಳಗೆ ಧಗೆ! ಏಪ್ರಿಲ್ ತಿಂಗಳ ರಾಯಚೂರಿನ ಹಾಗೆ ಮನೆ ಕಾದಿತ್ತು. "ಹೀಟರ್ ಬಂದ್ ಮಾಡಿದ್ದಿಲ್ಲೇನ್ರಿ?" ಎಂದು ಅಕ್ಷರಾ ಪಿಸುಗುಟ್ಟಿದಳು. ಕಲ್ಮೇಶ ದೇವರ ಮನೆಗೆ ಓಡಿ ಹೊಸ ಪಾಸ್‌ಪೋರ್ಟುಗಳನ್ನು ಎತ್ತಿಕೊಂಡ. ಸದ್ಯ, ಗೆದ್ದೆ! ಇನ್ನು ಹೊರಟರೆ ಮಾನ ಉಳಿಯಿತು ಅನ್ನುವಷ್ಟರಲ್ಲಿ ನೆಲಮಾಳಿಗೆಯಿಂದ ಸದ್ದು ಕೇಳಿಸಿತು. ಭೋರ್... ಭೋರ್... ನೀರಿನ ಸದ್ದು.

"ಪೈಪ್ ಒಡದೈತಿ!" ಎಂದು ಚೀರಿದ. ಈ ಚಳಿಯಲ್ಲಿ ನೀರಿನ ಪೈಪು ಹೆಪ್ಪುಗಟ್ಟಿ ಒಡೆದರೆ ಮನೆ ಮುಗಿದ ಹಾಗೆಯೇ. ಇಬ್ಬರೂ ದಡದಡ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲ ಮೇಲೆ ಕಲ್ಲಾಗಿ ನಿಂತರು.

ಗೋಡೆಯ ದೊಡ್ಡ ಟೀವಿಯಲ್ಲಿ ಸಮುದ್ರ ಭೋರ್ಗರೆಯುತ್ತಿತ್ತು. ಅದರ ಮುಂದೆ ಹೂವಿನ ಅಂಗಿ, ಚಡ್ಡಿ, ಕಪ್ಪು ಕನ್ನಡಕದಲ್ಲಿ ಚಂದ್ರಮೌಳಿ ಕುರ್ಚಿಯ ಮೇಲೆ ಒರಗಿದ್ದರು. ಇಂದುಮತಿ ಫೋನು ಹಿಡಿದು, "ರೀ, ಹೊಟ್ಟೆ ಒಳಗೆಳ್ಕೊಳ್ಳಿ," ಅನ್ನುತ್ತಿದ್ದರು. ನೆಲದ ತುಂಬ ಬಂಗಾರದ ಬಣ್ಣದ ಮರಳು.

"ಅಯ್ಯ ಶಿವನ!" ಎಂದು ಅಕ್ಷರಾ ಕಿರುಚಿದಳು. "ಅದು ನನ್ನ ಬನ್ಸಿ ರವೆ!"

ಚಂದ್ರಮೌಳಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನೀವು... ಸ್ಟಾಕ್‌ಹೋಮ್..."

"ನೀವು ಹವಾಯಿ..." ಎಂದ ಕಲ್ಮೇಶ.

ಇಂದುಮತಿ ರವೆಯ ಮೇಲೇ ಕುಸಿದು ಕೂತರು. "ನೀವು ಊರಿಗೆಲ್ಲಾ ಸ್ಟಾಕ್‌ಹೋಮ್ ಅಂತ ಹೇಳ್ಕೊಂಡ್ ಬಂದ್ಮೇಲೆ ನಾವು ಕಾರಲ್ಲೇ ಹೋಗೋ ದೂರದ ಆನ್ ಆರ್ಬರ್‌ನಲ್ಲಿ ತಂಗಿ ಮನೆಗೆ ಹೋಗ್ತೀವಿ ಅನ್ನೋಕಾಗತ್ತಾ ಕಲ್ಮೇಶ್? ಇವ್ರು ಹವಾಯಿ ಅಂದ್ಬಿಟ್ರು. ತಂಗಿ ಮನೇಲಿ ಎಲ್ರಿಗೂ ಫ್ಲೂ ಅಂತ ನಿನ್ನೆ ರಾತ್ರಿನೇ ವಾಪಸ್ ಬಂದ್ರೆ ನಮ್ಮನೆ ಹೀಟರ್ ಕೆಟ್ಟಿದೆ. ರಿಪೇರಿಯವರನ್ನ ಕರೆದ್ರೆ ಮನೋಹರ್‌ಗೆ ಗೊತ್ತಾಗತ್ತೆ. ನಿಮ್ಮ ಗ್ಯಾರೇಜ್ ಕೋಡ್ ಹೇಗಿದ್ರೂ ನಮ್ಹತ್ರ ಇತ್ತಲ್ಲ... ರವೆ ವಾಪಸ್ ತುಂಬಿಡ್ತಿದ್ದೆ ಅಕ್ಷರಾ, ದೇವರಾಣೆ."

ಆಮೇಲೆ ಕಲ್ಮೇಶನಿಗೆ ಎಲ್ಲಿಲ್ಲದ ನಗು ಬಂತು. ಅವನು ನಕ್ಕದ್ದೇ ತಡ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳ್ಳನಿಗೆ ಕಳ್ಳನೇ ಸಾಕ್ಷಿ, ಯಾರೂ ಯಾರ ಗುಟ್ಟೂ ಹೇಳುವುದಿಲ್ಲವೆಂದು ಕೈಮೇಲೆ ಕೈ ಇಟ್ಟು ಆಣೆಯೂ ಆಯಿತು.

ಅಷ್ಟರಲ್ಲಿ ಮೇಲೆ ಹಿತ್ತಲ ಬಾಗಿಲು ಧಡಾರೆಂದಿತು. "ಪೊಲೀಸ್!" ಎಂಬ ಗರ್ಜನೆಯ ಹಿಂದೆಯೇ ಇಬ್ಬರು ಪೊಲೀಸರು ಮೆಟ್ಟಿಲಿಳಿದರು. ಅವರ ಬೆನ್ನಿಗೆ ಒಂದು ಕೈಯಲ್ಲಿ ಹಿಮ ಎತ್ತುವ ಸಲಿಕೆ, ಇನ್ನೊಂದು ಕೈಯಲ್ಲಿ ಟಾರ್ಚಿನಂತೆ ಎತ್ತಿ ಹಿಡಿದ ಫೋನು, ಖಾಲಿ ಮನೆಯ ಹಿತ್ತಲಿಗೆ ಯಾರೋ ನುಗ್ಗಿದ್ದನ್ನು ಕಂಡು ಪೊಲೀಸರನ್ನು ಕರೆದಿದ್ದ ಮನೋಹರ.

ಇದು ನಿಮ್ಮ ಮನೆ ಅನ್ನುವುದಕ್ಕೆ ಗುರುತಿನ ಚೀಟಿ ಎಲ್ಲಿ ಎಂದು ಪೊಲೀಸು ಕೇಳಿದ. ಗಾಬರಿಯಲ್ಲಿ ಕಲ್ಮೇಶ ಜೇಬಿನಿಂದ ಪಾಸ್‌ಪೋರ್ಟು ತೆಗೆದುಕೊಟ್ಟ. ಪೊಲೀಸು ಗುಂಗುರು ಕೂದಲು ನೋಡಿದ, ಬೋಳುತಲೆ ನೋಡಿದ, ಅವಧಿ ಮುಗಿದಿದೆ ಎಂದ.

"ನಂಗೆ ಗೊತ್ತಿರೋರೇ, ಆಫೀಸರ್," ಎಂದು ಮನೋಹರ ಮುಂದೆ ಬಂದ. ಪೊಲೀಸರು ತಲೆಯಾಡಿಸುತ್ತಾ ಮೆಟ್ಟಿಲೇರಿದರು. ಮನೋಹರ ಮಾತ್ರ ನಿಂತೇ ಇದ್ದ. ಚಡ್ಡಿಯನ್ನು ನೋಡಿದ, ಮಫ್ಲರನ್ನು ನೋಡಿದ, ಸಮುದ್ರವನ್ನು ನೋಡಿದ. ಅವನ ಮುಖದಲ್ಲಿ ಎರಡು ವರ್ಷದ ಮಿಡ್‌ವೇ ನಿಧಾನಕ್ಕೆ ಕರಗಿತು.

ಕಲ್ಮೇಶ ಅವನ ಕೈ ಹಿಡಿದುಕೊಂಡ. "ಮನೋಹರ್ ಅವರ, ನಿಮ್ಮನ್ನ ಮಿಡ್‌ವೇ ಅಂದ ನನ್ನ ಬಾಯಾಗ ಹುಳ ಬೀಳ್ಲಿ. ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಕಾಲಿಗೆ ಬೀಳ್ತೀನಿ."

"ಛೆ ಛೆ, ಬಿಡಿ. ನಾನ್ಯಾಕೆ ಹೇಳ್ಲಿ? ಒಬ್ರಿಗೂ ಹೇಳಲ್ಲ," ಎಂದ ಮನೋಹರ ಸಮಾಧಾನವಾಗಿ.

ಕಲ್ಮೇಶನ ಕಣ್ಣಲ್ಲಿ ನೀರು ಬಂತು. ಇಂಥ ದೇವರಂಥ ಮನುಷ್ಯನನ್ನು ಆಡಿಕೊಂಡೆನಲ್ಲ ಎಂದು ನಿಜಕ್ಕೂ ನೊಂದುಕೊಂಡ. ಆಗಲೇ ಮನೋಹರ ಎತ್ತಿ ಹಿಡಿದಿದ್ದ ಫೋನಿನಿಂದ, ಬಳಗದ ಯಾರೋ ಆಂಟಿಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಮನೋಹರ್, ಕ್ಯಾಮೆರಾ ಸ್ವಲ್ಪ ಕೆಳಗೆ ಮಾಡಿ. ನಮಗ್ಯಾರಿಗೂ ರವೆ ಕಾಣ್ತಿಲ್ಲ."