ಎರಡು ಪದವಿ, ಒಂದು ಹಗ್ಗ

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಹತ್ತು ನಿಮಿಷ ದೇವರ ಮುಂದೆ ಕಣ್ಣುಮುಚ್ಚಿ ಕೂರುವುದನ್ನು ಜ್ವರ ಬಂದರೂ ನಾನು ಬಿಟ್ಟವಳಲ್ಲ. ಬೇಡುವುದು ಎರಡೇ: ಕೇಳಿಸಿಕೊಳ್ಳುವ ತಾಳ್ಮೆ ಕೊಡು, ಆಡುವ ಮಾತು ಕಡಿಮೆ ಮಾಡು. ಎರಡನ್ನೂ ಆತ ಧಾರಾಳವಾಗಿ ಕೊಟ್ಟಿದ್ದಾನೆ ಎಂದೇ ನಂಬಿದ್ದೆ. ಇಲ್ಲದಿದ್ದರೆ ನಮ್ಮ ಕಟ್ಟಡದ ಉಳಿದೆರಡು ಮನೆಯವರ ಕಷ್ಟಸುಖವೆಲ್ಲ ನನ್ನ ಅಡುಗೆಮನೆಗೇ ಏಕೆ ಬಂದು ಬೀಳಬೇಕು? ನಾನು ಶಾಲೆಯಲ್ಲಿ ಓದಿದ್ದು ಏಳನೇ ತರಗತಿ. ಮಿಕ್ಕಿದ್ದೆಲ್ಲ ಕಿವಿಯಿಂದ ಕಲಿತದ್ದು.

ಹಾಗಾಗಿ ಮಗಳು ಕಾನೂನು, ಸಮಾಜವಿಜ್ಞಾನ ಎರಡನ್ನೂ ಒಟ್ಟಿಗೆ ಓದುವ ಜೋಡಿ ಪದವಿಗೆ ಸೇರಿದಾಗ ನಾನೂ ಸೇರಿದೆ. ಅವಳು ಕಾಲೇಜಿಗೆ, ನಾನು ಒಲೆಯ ಬುಡಕ್ಕೆ. ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ತರಕಾರಿ ಹೆಚ್ಚುತ್ತಾ ಕೇಳುತ್ತೇನೆ. ಮೂರು ವರ್ಷದಲ್ಲಿ ಎರಡೂ ಶಾಸ್ತ್ರಗಳು ನನಗೆ ಕರತಲಾಮಲಕ!

"ಒಂದೇ ಬಚ್ಚಲುಮನೆಗೆ ಇಬ್ಬರು ವಕೀಲರು. ನಾನು ಯಾರ ಹತ್ರ ಅಪೀಲು ಹೋಗ್ಲಿ?" ಎಂದು ನನ್ನ ಯಜಮಾನರು ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ.

ಈ ಸಲ ಮಗಳಿಗೆ ಕೊಟ್ಟ ಕೆಲಸ ವಿಚಿತ್ರವಾಗಿತ್ತು. ಒಂದೇ ಜಗಳ, ಎರಡು ವರದಿ. ಜನ ತಮ್ಮ ಜಗಳವನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂಬುದನ್ನು ಸಮಾಜವಿಜ್ಞಾನಕ್ಕೆ ಬರೆಯಬೇಕು. ಅದೇ ಜಗಳವನ್ನು ರಾಜಿ ಮಾಡಿಸಿ ಎರಡೂ ಕಡೆಯವರ ಸಹಿಯನ್ನು ಕಾನೂನಿಗೆ ತರಬೇಕು. ಗಡುವು ಶುಕ್ರವಾರ.

"ಸಹಿ ಇಲ್ಲದಿದ್ರೆ ಎರಡರಲ್ಲೂ ಸೊನ್ನೆ ಅಮ್ಮಾ. ಒಂದು ವರ್ಷ ಹೋಯ್ತು ಅಂತಲೇ ಲೆಕ್ಕ."

ಜಗಳಕ್ಕೇನು ಬರ? ನಮ್ಮ ತಾರಸಿಯ ಮೇಲೆಯೇ ಹನ್ನೊಂದು ವರ್ಷದಿಂದ ಒಂದು ಒಣಗುತ್ತಿತ್ತು. ಎದುರುಮನೆಯ ಟೈಲರಮ್ಮ ಗಿರಾಕಿಗಳ ಬಟ್ಟೆ ಒಗೆದು ಹರವಲು ಅಲ್ಲಿ ಹಗ್ಗ ಕಟ್ಟಿದ್ದಾರೆ. ಮೇಲ್ಮನೆಯ ನಿವೃತ್ತ ಡ್ರಿಲ್ ಮಾಸ್ತರರು ಅಲ್ಲಿಯೇ ಕಸರತ್ತು ಮಾಡುತ್ತಾರೆ. ಹಗ್ಗ ಸರಿಯಾಗಿ ಅವರ ಕುತ್ತಿಗೆಯ ಎತ್ತರಕ್ಕಿದೆ. ಅವರ ಕೈ ಸರಿಯಾಗಿ ಬಟ್ಟೆಗೆ ತಾಗುತ್ತದೆ.

ಮಗಳು ಪುಸ್ತಕ ಹಿಡಿದು ಹೋದಳು. ಮಾಸ್ತರರು, "ಮೊದ್ಲು ಬೆನ್ನು ನೆಟ್ಟಗೆ ಮಾಡು" ಎಂದು ಕಳಿಸಿದರು. ಟೈಲರಮ್ಮ ಅವಳ ಅಳತೆ ತೆಗೆದುಕೊಂಡು ಕಳಿಸಿದರು. ಜಗಳದ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ.

"ಬಿಡು ಮಗಳೇ! ನಿನ್ನ ಎರಡೂ ಪದವೀನ ನಾನು ದಡ ಹತ್ತಿಸ್ತೀನಿ. ಜನರ ಬಾಯಿ ಬಿಡಿಸೋಕೆ ಪುಸ್ತಕ ಬೇಡ, ಕಿವಿ ಬೇಕು" ಎಂದು ನಾನು ಘೋಷಿಸಿದೆ.

ಮಗಳು ಒಪ್ಪಿಗೆ ಪತ್ರ ಕೊಟ್ಟಳು. ಮಾತನ್ನು ಹಿಡಿದಿಡಲು ತನ್ನ ಹಳೆಯ ಫೋನನ್ನೂ ಕೊಟ್ಟಳು. "ಅವರಿಗೆ ಹೇಳಿ, ಎದುರಿಗೇ ಇಟ್ಟು ಮಾತಾಡು. ಹೆಸರು ಮಾತ್ರ ಯಾರಿಗೂ ಹೇಳಬಾರದು. ಮಾಹಿತಿದಾರರು ಒಂದು, ಮಾಹಿತಿದಾರರು ಎರಡು, ಅಷ್ಟೇ."

ಭಾನುವಾರ ಒಂದೇ ದಿನದಲ್ಲಿ ಇಬ್ಬರ ಮನೆಯಲ್ಲೂ ಕೂತು ಬಂದೆ. ಹನ್ನೊಂದು ವರ್ಷದ ಕಟ್ಟೆ ಒಡೆಯಿತು! ಕೇಳಿದ್ದನ್ನೆಲ್ಲ ನೆನಪಿನಿಂದ ನೀಟಾಗಿ ಬರೆದು ಮಗಳ ಕೈಗಿಟ್ಟೆ. "ಅದು ಹಗ್ಗವಲ್ಲ, ನೇಣು" ಎಂದಿದ್ದರು ಮಾಸ್ತರರು. "ಅದು ಕಸರತ್ತಲ್ಲ, ಗಾಳಿಗೆ ಸಿಕ್ಕ ಬೆದರುಬೊಂಬೆ" ಎಂದಿದ್ದರು ಟೈಲರಮ್ಮ. ಮಗಳು ಓದಿ ಕಣ್ಣರಳಿಸಿದಳು. ಫೋನಿನ ಧ್ವನಿಮುದ್ರಣ ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಕಾನೂನಿನ ಪಾಠ ಗಟ್ಟಿ ಮಾಡುತ್ತಿದ್ದಳು: "ಒಬ್ಬರ ಮೇಲೆ ಹೊರಿಸಿದ ಮಾತನ್ನು ಅವರಿಗೆ ತಿಳಿಸಿ, ಉತ್ತರ ಹೇಳಲು ಅವಕಾಶ ಕೊಡಬೇಕು. ಇಲ್ಲದೆ ತೀರ್ಪು ಕೊಡುವುದು ಅನ್ಯಾಯ."

ನನ್ನ ಕೈಯ ಚಾಕು ನಿಂತಿತು. ಅಯ್ಯೋ, ಎಂಥ ಅನ್ಯಾಯವಾಗುತ್ತಿತ್ತು! ನೇಣು ಎಂದದ್ದು ಟೈಲರಮ್ಮನಿಗೆ ಗೊತ್ತಿಲ್ಲ, ಬೆದರುಬೊಂಬೆ ಎಂದದ್ದು ಮಾಸ್ತರರಿಗೆ ಗೊತ್ತಿಲ್ಲ. ಹೀಗಿರುವಾಗ ಮಗಳು ರಾಜಿ ಮಾಡಿಸಿದರೆ ಅದಕ್ಕೇನು ಬೆಲೆ? ಅವಳು ಕಾಲೇಜಿಗೆ ಹೋದದ್ದೇ ತಡ, ನಾನು ನ್ಯಾಯದಾನಕ್ಕೆ ಹೊರಟೆ. ಸಮಾಜವಿಜ್ಞಾನಕ್ಕೂ ಚ್ಯುತಿ ಬರಬಾರದಲ್ಲ! ಹೆಸರು ಹೇಳಲಿಲ್ಲ. "ಮಾಹಿತಿದಾರರೊಬ್ಬರು ನಿಮ್ಮ ಹಗ್ಗವನ್ನು ನೇಣು ಅಂದಿದ್ದಾರೆ. ನಿಮ್ಮ ಉತ್ತರವೇನು?" ಎಂದು ಒಂದು ಮನೆಯಲ್ಲಿ ಕೇಳಿದೆ. ಇನ್ನೊಂದು ಮನೆಯಲ್ಲಿ ಬೆದರುಬೊಂಬೆಗೆ ಉತ್ತರ ಕೇಳಿದೆ. ಎರಡು ಶಾಸ್ತ್ರಗಳನ್ನು ಒಂದೇ ಮೆಟ್ಟಿಲ ಮೇಲೆ ಇಷ್ಟು ಅಂದವಾಗಿ ಹತ್ತಿಸಿದವರು ಬೇರೆ ಯಾರಿದ್ದಾರೆ?

ಉತ್ತರ ಬುಧವಾರ ಬೆಳಿಗ್ಗೆಯೇ ಬಂತು. ಟೈಲರಮ್ಮ ಒಂದರ ಬದಲು ನಾಲ್ಕು ಹಗ್ಗ ಕಟ್ಟಿದರು. ಮಾಸ್ತರರು ಅವುಗಳ ನಡುವೆ ನಿಂತು ಐದು ಗಂಟೆಗೇ ಸೀಟಿ ಊದಿದರು. ಕಟ್ಟಡವೆಲ್ಲ ಎದ್ದು ಕೂತಿತು.

ಮಗಳಿಗೆ ವಿಷಯ ತಿಳಿದಾಗ ಅವಳ ಮುಖ ಬಿಳುಪೇರಿತು. "ಅವರಿಗೆ ಹೋಗಿ ಹೇಳಿದ್ಯಾ? ಅಮ್ಮಾ!"

"ಹೆಸರು ಹೇಳ್ಲಿಲ್ವೇ! ಮಾಹಿತಿದಾರರು ಅಂತಲೇ ಅಂದೆ."

"ಇರೋದು ಮೂರು ಮನೆ! ನಾವಲ್ಲ ಅಂದ್ರೆ ಇನ್ಯಾರು? ತಾರಸಿ ಮೇಲಿನ ಕಾಗೇನಾ?"

"ನ್ಯಾಯ ಅಂತ ನೀನೇ ಓದ್ತಿದ್ಯಲ್ಲ..."

"ಅದು ತೀರ್ಪು ಕೊಡೋರಿಗೆ! ನಾವು ರಾಜಿ ಮಾಡಿಸೋರು. ಸಮಾಜವಿಜ್ಞಾನದಲ್ಲಂತೂ ಬರೆದದ್ದನ್ನ ಯಾರಿಗೂ ತೋರಿಸೋ ಹಾಗೇ ಇಲ್ಲ!" ಅವಳು ಪುಸ್ತಕ ಮುಚ್ಚಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಯಜಮಾನರು ಮೆಲ್ಲನೆ, "ಅರ್ಧ ಪದವಿ ಆದೋರು ಅಪಾಯ ಅಂತಾರೆ. ನೀನು ಎರಡು ಅರ್ಧ ಮಾಡಿದ್ಯಲ್ಲೇ ಮಹಾತಾಯಿ" ಎಂದರು.

ಗುರುವಾರ ಸಂಜೆ ಮಗಳು ಕೊನೆಯ ಪ್ರಯತ್ನವಾಗಿ ಇಬ್ಬರನ್ನೂ ನಮ್ಮ ಮನೆಗೆ ಕರೆದಳು. ಮಾಸ್ತರರು ಸೀಟಿಯೊಂದಿಗೆ ಬಂದರು, ಟೈಲರಮ್ಮ ಕತ್ತರಿಯೊಂದಿಗೆ.

"ನಾನು ಬೆದರುಬೊಂಬೇನೇನಮ್ಮ?"

"ನನ್ನ ಹಗ್ಗ ನೇಣಾ? ನಿಮ್ಮ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?"

"ನಾನು ಹಾಗೆ ಅನ್ನಲೇ ಇಲ್ಲ!"

"ನಾನೂ ಅನ್ನಲಿಲ್ಲ!"

"ಜಗಳ ಯಾಕೆ? ಇಬ್ಬರೂ ಒಪ್ಪಿದ್ರೆ ಫೋನಲ್ಲಿರೋದನ್ನ ಕೇಳೇಬಿಡೋಣ" ಎಂದಳು ಮಗಳು. ಇಬ್ಬರೂ ತಲೆಯಾಡಿಸಿದರು. ನಾನೂ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡು ಕೂತೆ. ಫೋನಿನಿಂದ ಒಂದು ಹೆಂಗಸಿನ ದನಿ ಹೊಳೆಯಂತೆ ಹರಿಯಿತು:

"ಪಾಪ, ನಿಮ್ಮ ಕಷ್ಟ ನನಗೆ ಗೊತ್ತಾಗಲ್ವೇ ಮಾಸ್ತರೇ? ಬೆಳಿಗ್ಗೆ ಎದ್ದು ಕತ್ತೆತ್ತಿದ್ರೆ ಆ ಹಗ್ಗ! ನೋಡೋಕೆ ಥೇಟ್ ನೇಣಿನ ಹಾಗೇ ಇದೆ ಅಲ್ವಾ? ನನ್ನ ಸೋದರತ್ತೆ ಮನೇಲೂ ಹೀಗೇ ಒಂದು ಹಗ್ಗ ಇತ್ತು..."

ಸೋದರತ್ತೆಯ ಕಥೆ ಆರು ನಿಮಿಷ ನಡೆಯಿತು. ಕೊನೆಗೆ ಮಾಸ್ತರರ ದನಿ ಕೇಳಿಸಿತು: "ಹೂಂ."

ಟೈಲರಮ್ಮನ ಸರದಿ. ಅದೇ ಹೆಂಗಸು, ಅದೇ ಹೊಳೆ. "ಕೈಕಾಲು ಬೀಸೋದು ನೋಡಿದ್ರೆ ಬೆದರುಬೊಂಬೆ ನೆನಪಾಗುತ್ತೆ ಅಲ್ವೇನ್ರೀ?"

"ಹೂಂ ಅಕ್ಕಾ."

ಮಗಳು ಗಡಿಯಾರ ನೋಡಿ ಬರೆದುಕೊಂಡಿದ್ದಳು. ಒಟ್ಟು ನಲವತ್ತು ನಿಮಿಷ. ಮಾಸ್ತರರದು ನಾಲ್ಕು, ಟೈಲರಮ್ಮನದು ಐದು. ಮಿಕ್ಕ ಮೂವತ್ತೊಂದು ನಿಮಿಷ ತಾಳ್ಮೆಯಿಂದ ಕೇಳಿಸಿಕೊಂಡವಳದು!

ಮೊದಲು ನಕ್ಕವರು ಟೈಲರಮ್ಮ. ಆಮೇಲೆ ಮಾಸ್ತರರು ಬಾಯಲ್ಲಿದ್ದ ಸೀಟಿಯ ಸಮೇತ ನಕ್ಕರು. ಅದು ಪೀಪೀ ಎಂದಿತು. ಹನ್ನೊಂದು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ನಾನು.

"ಅದು ಬಿಡಿ, ಹಗ್ಗಾನ ಎರಡಡಿ ಮೇಲೆ ಕಟ್ಟಿದ್ರೆ ಆಗುತ್ತಲ್ಲ? ನಾನೇ ಮೊಳೆ ಹೊಡೀತೀನಿ" ಎಂದರು ಮಾಸ್ತರರು.

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಮಗಳು ಅಲ್ಲೇ ಕರಾರು ಬರೆದಳು. ಒಂದು, ಹಗ್ಗ ಮೇಲಕ್ಕೆ. ಎರಡು, ಇನ್ನು ಮುಂದೆ ಇವರಿಬ್ಬರ ನಡುವಿನ ಮಾತು ಯಾವ ಮೂರನೆಯವರ ಮೂಲಕವೂ ಹೋಗತಕ್ಕದ್ದಲ್ಲ. ಎರಡನೆಯದಕ್ಕೆ ಇಬ್ಬರೂ ಒತ್ತಿ ಸಹಿ ಹಾಕಿದರು. ಸಾಕ್ಷಿ ಜಾಗದಲ್ಲಿ ಯಜಮಾನರು ತಮ್ಮ ಜೀವನದಲ್ಲೇ ಅತಿ ದೊಡ್ಡ ಸಹಿ ಗೀಚಿದರು. ಶುಕ್ರವಾರ ಎರಡೂ ವರದಿಗಳು ಹೋದವು. ವರ್ಷ ಉಳಿಯಿತು.

ಮುಂದಿನ ವಾರ ಮಗಳ ಮೇಷ್ಟ್ರು ಹಗ್ಗದ ಎತ್ತರ ನೋಡಲು ಸ್ವತಃ ಬಂದರು. ಧ್ವನಿಮುದ್ರಣವನ್ನು ಮೂರು ಸಲ ಕೇಳಿದ್ದರಂತೆ. ಕಾಫಿ ಕುಡಿದು, "ಅಮ್ಮಾ, ನಿಮಗೆ ಓದೋ ಆಸೆ ಇದೆ ಅಂತ ಮಗಳು ಹೇಳಿದ್ಳು. ಪ್ರಿನ್ಸಿಪಾಲರ ಹತ್ರ ನಾನು ಮಾತಾಡ್ತೀನಿ. ಸಂಜೆ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಫೀಸಿಲ್ಲ, ಪರೀಕ್ಷೆ ಇಲ್ಲ" ಎಂದರು.

ಏಳನೇ ತರಗತಿಯಲ್ಲಿ ಬಿಟ್ಟ ಬೆಂಚು! ನನ್ನ ಕಣ್ಣು ತೇವವಾಯಿತು.

"ಒಂದೇ ಷರತ್ತು. ಸುಮ್ನೆ ಕೂತು ಕೇಳಬೇಕು, ಅಷ್ಟೇ."

ಮಗಳು ನನ್ನ ಮುಖ ನೋಡಿದಳು. ಯಜಮಾನರು ಚಾವಣಿ ನೋಡಿದರು. ನಾನು ಕೈಮುಗಿದೆ.

"ಬೇಡ ಸರ್. ಬರೀ ಕೇಳಿ ನನಗೆ ಅಭ್ಯಾಸ ಇಲ್ಲ."