ಸಕ್ಕರೆ ಆರತಿಯ ತಟ್ಟೆಯಲ್ಲಿ ಸೀಸದ ಮದುಮಗ

ಮನುಷ್ಯನಿಗೆ ಒಂದು ಅರ, ಒಂದು ಕುಂಚ ಮತ್ತು ತಕ್ಕಮಟ್ಟಿನ ತಾಳ್ಮೆ ಇದ್ದರೆ ಬಿಳಿಯರ ಸಿಪಾಯಿಗಳನ್ನು ನಮ್ಮ ಬೀಗರನ್ನಾಗಿ ಮಾಡುವುದು ಏನೂ ಕಷ್ಟವಲ್ಲ ಎಂದು ನಾನು ದೃಢವಾಗಿ ನಂಬಿದ್ದೆ.

ಆಗ ನಾನು ಬಾಗಲಕೋಟೆ ಸ್ಟೇಷನ್ನಿನಲ್ಲಿ ಗುಮಾಸ್ತ. ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರು ಮನೆಯ ಸಾಮಾನು ಹರಾಜು ಹಾಕಿದಾಗ ಎಲ್ಲರೂ ಕುರ್ಚಿ ಮೇಜಿಗೆ ಮುಗಿಬಿದ್ದರು. ನಾನು ಸೀಸದ ಸಿಪಾಯಿಗಳ ಡಬ್ಬಿಯೊಂದನ್ನು ಎದೆಗವಚಿಕೊಂಡು ಮನೆಗೆ ಬಂದೆ. ಬೆರಳುದ್ದದ ಗೊಂಬೆಗಳು. ಕೋಟಿನ ಗುಂಡಿ ಕೂಡ ಎದ್ದು ಕಾಣುತ್ತಿತ್ತು. ಅವನ್ನು ಎರಕ ಹೊಯ್ದ ಕೈಗೆ ಮನಸ್ಸಿನಲ್ಲೇ ಶರಣೆಂದೆ.

"ಕುರ್ಚಿ ಎಲ್ಲೈತ್ರಿ?" ಎಂದಳು ಹೆಂಡತಿ ನೀಲವ್ವ.

"ಕುರ್ಚಿ ಯಾರ್ ಬೇಕಾದ್ರೂ ತರ್ತಾರ. ಇದನ್ನ ನೋಡು."

ನೀಲವ್ವ ನೋಡಿದಳು. "ಇದರ ಮ್ಯಾಲೆ ಕೂಡಾಕ ಬರೂದಿಲ್ಲ," ಎಂದಳು.

ನನ್ನ ತಮ್ಮ ಮಲ್ಲಪ್ಪನಿಗೆ ಇಳಕಲ್ಲಿನ ಹುಡುಗಿಯೊಬ್ಬಳನ್ನು ನೋಡಿ ಮಾತಾಡಿದ್ದೆವು. ಹುಡುಗ ಆಗಲೇ ಕನಸು ಕಾಣತೊಡಗಿದ್ದ. ಆದರೆ ಹುಡುಗಿಯ ಅಜ್ಜಿ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಒಲೆ ಕೂಡ ಹೊತ್ತುತ್ತಿರಲಿಲ್ಲ. ಅಷ್ಟರಲ್ಲಿ ಗೌರಿ ಹುಣ್ಣಿಮೆ ಬಂತು. ಗಂಡಿನ ಕಡೆಯವರು ಸೀರೆಯ ಜೊತೆಗೆ ಸಕ್ಕರೆ ಆರತಿ, ಅಂದರೆ ಪಾಕವನ್ನು ಅಚ್ಚಿಗೆ ಎರೆದು ಮಾಡಿದ ಗೊಂಬೆಗಳನ್ನು, ಹುಡುಗಿಯ ಮನೆಗೆ ಒಯ್ಯಬೇಕು. ಜೊತೆಗೆ ನನ್ನ ಕೈಯಾರೆ ಮಾಡಿದ ಒಂದು ಮದುವೆಯ ಮೆರವಣಿಗೆಯೂ ಹೋದರೆ ಅಜ್ಜಿ ಒಪ್ಪುವುದು ನಿಸ್ಸಂಶಯ ಎಂದು ತೀರ್ಮಾನಿಸಿದೆ.

ಕುದುರೆ ಸವಾರನೇ ಮದುಮಗ. ಎತ್ತಿದ ಕತ್ತಿಯನ್ನು ಅರದಿಂದ ಉಜ್ಜಿ ತೆಗೆಯುವಾಗ ಕೈಯೂ ಬಂದುಬಿಟ್ಟಿತು. ಶಲ್ಯ ಹೊದಿಸಿದೆ. ಹೆಗಲ ಮೇಲಿನ ಬಂದೂಕುಗಳು ದೀವಟಿಗೆಗಳಾದವು. ಗುರಿ ಹಿಡಿದು ಕುಳಿತವನ ಬಂದೂಕನ್ನು ಬಾಯಿಯ ಕಡೆ ಬಗ್ಗಿಸಿದೆ. ಅವನು ಶಹನಾಯಿ ಊದತೊಡಗಿದ. ಸುಣ್ಣಕ್ಕೆ ಹುಣಸೆಬೀಜದ ಅಂಟು ಕಲಸಿ ಎಲ್ಲರ ತಲೆಗೂ ರುಮಾಲು ಸುತ್ತಿದೆ. ಮದುಮಗಳದೇ ತೊಂದರೆ. ಮೀಸೆ ಉಜ್ಜಲು ಹೋಗಿ ಮೂಗೂ ಹೋಯಿತು.

"ಹುಡುಗಿಗೆ ಮೂಗ ಇಲ್ಲಲ್ರಿ," ಎಂದಳು ನೀಲವ್ವ.

"ಸೆರಗು ಹೊಚ್ಚತೇನಿ."

"ಕಾಲಾಗ ಬೂಟ ಅದಾವ."

"ನಿರಿಗಿ ಇಳಿಸ್ತೇನಿ."

ಬಯ್ಯುತ್ತಲೇ ನೀಲವ್ವ ನನ್ನ ಕೈಯಿಂದ ಕುಂಚ ಕಿತ್ತುಕೊಂಡು, ಆ ಸೀರೆಗೆ ಕೆಂಪು ಸೆರಗು ಬರೆದುಕೊಟ್ಟಳು. ಕೂದಲೆಳೆಯಂಥ ಗೆರೆಗಳು! ನಾನು ಗೊಂಬೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಮೆರುಗೆಣ್ಣೆ ಹಚ್ಚಿದ ಮೇಲಂತೂ ಇಡೀ ಮೆರವಣಿಗೆ ಆಗತಾನೇ ಅಚ್ಚಿನಿಂದ ತೆಗೆದ ಸಕ್ಕರೆಯ ಹಾಗೆ ಹೊಳೆಯಿತು.

"ಬ್ಯಾರೆ ತಾಟಿನಾಗ ಇಡ್ರಿ. ಸಕ್ಕರಿ ಗೊಂಬಿ ಕೂಡ ಬೆರಸಬ್ಯಾಡ್ರಿ," ಎಂದಳು ನೀಲವ್ವ.

ಇದು ಕಲೆಗೆ ಮಾಡಿದ ಅವಮಾನ ಎನಿಸಿತು. ಅವಳು ಮಾಡಿದ ಸಕ್ಕರೆಯ ಆನೆ, ನವಿಲುಗಳ ನಡುವೆಯೇ ನನ್ನ ಮೆರವಣಿಗೆ ಸಾಗಬೇಕು. ನೋಡಿದವರೆಲ್ಲ ಸಕ್ಕರೆ ಎಂದೇ ಮರುಳಾಗಬೇಕು. ಆಗ ನಾನು ಎದ್ದು ನಿಂತು ಗುಟ್ಟು ಬಿಚ್ಚಬೇಕು. ಇದು ನನ್ನ ಯೋಜನೆ. ಹುನಗುಂದ ದಾಟಿ ಇಳಕಲ್ಲು ಮುಟ್ಟುವ ತನಕ ಗಾಡಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆರತಿ ಮುಗಿಯಿತು. ಹೆಂಗಸರೆಲ್ಲ ತಟ್ಟೆಯ ಸುತ್ತ ಸೇರಿದರು.

"ಸಕ್ಕರಿಯೊಳಗ ಇಷ್ಟು ಸಣ್ಣ ಕೆಲಸ ನಾ ಎಂದೂ ನೋಡಿದ್ದಿಲ್ಲ," ಎಂದರು ಹುಡುಗಿಯ ತಾಯಿ.

ನಾನು ಗಂಟಲು ಸರಿಮಾಡಿಕೊಂಡೆ. ಭಾಷಣವನ್ನು 'ಮಹನೀಯರೇ' ಎಂದು ಆರಂಭಿಸುವುದೋ 'ಹಿರಿಯರೇ' ಎಂದು ಆರಂಭಿಸುವುದೋ ಎಂಬ ಗಹನವಾದ ಪ್ರಶ್ನೆ ಎದುರಾಯಿತು. ಅದನ್ನು ಬಿಡಿಸುವಷ್ಟರಲ್ಲಿ ಹುಡುಗಿ, ಮೊದಲ ಗೊಂಬೆ ಹಿರಿಯರಿಗೆಂದು, ತಟ್ಟೆಯಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ಅಜ್ಜಿಯ ಕೈಗಿಟ್ಟಳು. ಕುದುರೆಯ ಮೇಲಿನ ಮದುಮಗನನ್ನು.

ಅಜ್ಜಿ ಕಚ್ಚಿದರು.

ಕಟ್ ಎಂದಿತು. ಮುರಿದದ್ದು ಮದುಮಗನಲ್ಲ.

ಅಜ್ಜಿ ಅಂಗೈಯಲ್ಲಿ ತಮ್ಮ ಹಲ್ಲನ್ನು ಇಟ್ಟುಕೊಂಡು ನೋಡಿದರು. ಊರಿನಲ್ಲಿ ದಾರಿ ಕಾಯುತ್ತಿದ್ದ ಮಲ್ಲಪ್ಪನ ಮುಖ ನನ್ನ ಕಣ್ಣ ಮುಂದೆ ಬಂತು. ಅವನ ಲಗ್ನ ಅಲ್ಲಿಗೆ ಮುಗಿಯಿತೆಂದೇ ತಿಳಿದೆ. ನೀಲವ್ವ ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

"ಯಾರು ಮಾಡ್ಯಾರ ಇದನ್ನ?" ಎಂದರು ಅಜ್ಜಿ.

"ನಾ ಮಾಡೇನ್ರಿ, ಎವ್ವಾ. ಅದು ಸೀಸದ್ದರಿ."

ಅಜ್ಜಿ ಗೊಂಬೆಯನ್ನು ಬೆಳಕಿಗೆ ಹಿಡಿದರು. ಕುದುರೆಯ ಕಿವಿ, ಬಾಲ, ಮದುಮಗನ ರುಮಾಲು, ಒಂದೊಂದನ್ನೂ ತಿರುಗಿಸಿ ನೋಡಿದರು. ಆಮೇಲೆ ಬಾಯಿ ತುಂಬ ನಕ್ಕರು.

"ಈ ಹಲ್ಲು ಅಲ್ಲಾಡಿ ಅಲ್ಲಾಡಿ ನನ್ನ ಜೀವಾ ತಿಂದಿತ್ತು, ಬೀಳವಲ್ದಾಗಿತ್ತು. ಇಂಥಾ ಕೈ ಇದ್ದವರ ಮನಿಗೆ ಹುಡುಗಿ ಕೊಡಾಕ ನಂದೇನೂ ಅಡ್ಡಿಲ್ಲ," ಎಂದು ಕುದುರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಅಂಥ ದೊಡ್ಡ ಮನಸ್ಸನ್ನು ನಾನು ಮತ್ತೆ ಕಂಡಿಲ್ಲ.

ಮದುವೆಯ ದಿನ ಇಳಕಲ್ಲಿನ ಜನ ನನ್ನನ್ನು ಕಂಡಲ್ಲೆಲ್ಲ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನನ್ನ ಕಲೆ ಊರೆಲ್ಲ ಹಬ್ಬಿದೆ ಎಂದು ಎದೆ ಉಬ್ಬಿತು. ದೊಡ್ಡ ರುಮಾಲಿನ ಹಿರಿಯರೊಬ್ಬರು ಹತ್ತಿರ ಬಂದು ಕೈಮುಗಿದರು.

"ಗೊಂಬಿ ಮಾಡಾವ್ರು ನೀವ ಏನ್ರಿ?"

"ಹೌದ್ರಿ, ನಾನ. ಏನ್ ಬೇಕಾಗಿತ್ರಿ?" ಎಂದೆ, ನೀಲವ್ವನಿಗೂ ಕೇಳಿಸಲಿ ಎಂದು ತುಸು ಗಟ್ಟಿಯಾಗಿಯೇ.

ಹಿರಿಯರು ಬಾಯಿ ತೆರೆದು ಬೆರಳಿನಿಂದ ಒಳಗೆ ತೋರಿಸಿದರು.

"ಈ ದವಡಿ ಹಲ್ಲು ಭಾಳ ಕಾಡಾಕತ್ತೈತ್ರಿ. ನನಗೂ ಒಂದು ಕುದುರಿ ಕೊಡ್ರಿ."